ಕನ್ನಡಿಯ ಮೇಲಿನ ರೈಲು ಸೇತುವೆ

ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ ಎಂದು ದಿನವೂ ದೇವರಿಗೆ ಕೈಮುಗಿಯುವ ಹೆಂಗಸು ನಾನು. ಆದರೆ ದೇವರು ಒಂದು ಚಟ ತಪ್ಪಿಸಿದರೆ ಅದರ ಜಾಗವನ್ನು ಖಾಲಿ ಬಿಡುವುದಿಲ್ಲವೆಂದು ಈಚೆಗೆ ತಿಳಿಯಿತು. ನಮ್ಮವರು ಅಮ್ಮತ್ತಿ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ತನ್ನ ಸೀಮೆಗೆ ಹೊರಟ ಇಂಗ್ಲಿಷ್ ದೊರೆ ತನ್ನ ಮಕ್ಕಳು ಆಡಿ ಬಿಟ್ಟ ಆಟದ ರೈಲೊಂದನ್ನು ಇವರಿಗೆ ಕೊಟ್ಟು ಹೋದ. ಕೀಲಿ ತಿರುಗಿಸಿದರೆ ಹಳಿಯ ಮೇಲೆ ಸುತ್ತು ಹೊಡೆಯುತ್ತದೆ. ಕೊಡಗಿನಲ್ಲಿ ರೈಲೇ ಇಲ್ಲ. ನೋಡಬೇಕೆಂದರೆ ಮೈಸೂರಿಗೆ ಹೋಗಬೇಕು. ಸರ್ಕಾರದಿಂದ ಆಗದ ಕೆಲಸವನ್ನು ಇವರು ನಮ್ಮ ನಡುಮನೆಯಲ್ಲಿ ಮಾಡಲು ಹೊರಟರು.

ರೈಲು ಬರೀ ಹಲಗೆಯ ಮೇಲೆ ಓಡಿದರೆ ಸಾಲದಂತೆ. ಬೆಟ್ಟ ಬೇಕು, ತೋಟ ಬೇಕು. ಗೋಣಿತಾಟಿಗೆ ಮಣ್ಣು ಮೆತ್ತಿ ಬೆಟ್ಟವಾಯಿತು. ಬಾವಿಕಟ್ಟೆಯ ಪಾಚಿ ಹುಲ್ಲಾಯಿತು. ಕಾಫಿಗೆ ನೆರಳಿನ ಮರ ಬೇಕೆಂದು ನನ್ನ ತುಳಸಿಯ ಕುಡಿಗೆ ಕೈಹಾಕಿದಾಗ ಮಾತ್ರ ನಾನು ಸೌಟು ಹಿಡಿದು ಹೊರಗೆ ಬಂದೆ. ಕೊತ್ತಂಬರಿ ಸೊಪ್ಪಿಗೆ ರಾಜಿಯಾಯಿತು. ಸಂಜೆಗೆ ಮರಗಳು ಬಾಡುವ ಮೊದಲೇ ಕಿತ್ತು ಸಾರಿಗೆ ಹಾಕುತ್ತಿದ್ದೆ. ಅಷ್ಟಾದರೂ ಪುಣ್ಯ.

ಆಮೇಲೆ ನದಿ ಬೇಕಾಯಿತು. ಮನೆಯಲ್ಲಿದ್ದ ಒಂದೇ ಒಂದು ಕನ್ನಡಿ ಗೋಡೆಯಿಂದಿಳಿದು ಕಾವೇರಿಯಾಗಿ ಮಲಗಿತು. ಅದರ ಮೇಲೆ ಬಿದಿರು ಸೀಳಿ ಸೇತುವೆ. ರೈಲು ಹತ್ತಿದಾಗಲೆಲ್ಲ ಅದು ಕುಸಿಯುತ್ತಿತ್ತು. ಕೊನೆಗೆ ಹಲಸಿನ ಮೇಣ ಕಾಯಿಸಿ ಸೇತುವೆಯ ಕಾಲುಗಳನ್ನು ಕನ್ನಡಿಗೇ ಅಂಟಿಸಿಬಿಟ್ಟರು. ಹಲಸಿನ ಮೇಣ ಹಿಡಿದರೆ ಬಿಡುವುದುಂಟೇ? ಅದು ಒಣಗಲೆಂದು ರೈಲು ಬಿಡದೆ ಕಾಯುತ್ತ ಕೂತರು.

ಅಷ್ಟರಲ್ಲಿ ತುಲಾ ಸಂಕ್ರಮಣಕ್ಕೆ ಕರಿಕೆಯಿಂದ ಅತ್ತೆ ಬಂದರು. ತಲಕಾವೇರಿಯಲ್ಲಿ ತೀರ್ಥ ಬಂದ ಮಾರನೆಯ ಬೆಳಗ್ಗೆ ನಾವು ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಒಡವೆ ಹಾಕಿ, ಕಾವೇರಮ್ಮನೆಂದು ಕೂರಿಸಿ, ಎದ್ದೊಡನೆ ಮೊದಲ ಶುಭದರ್ಶನವಾಗಿ ಆ ಕಣಿ ನೋಡುತ್ತೇವೆ. ಕರಿಕೆಯ ಪದ್ಧತಿಯಂತೆ ಅತ್ತೆಗೆ ಕಾವೇರಮ್ಮನ ಪಕ್ಕದಲ್ಲಿ ಕನ್ನಡಿಯೂ ಇರಲೇಬೇಕು. ಕನ್ನಡಿ ಬೇಕಾದರೆ ಸೇತುವೆ ಮುರಿಯಬೇಕು. ಇವರು ಕತ್ತಿ ತಂದು ಸೇತುವೆಯ ಮುಂದೆ ಕೂತರು. ಆ ಮುಖ ನೋಡಲಾಗಲಿಲ್ಲ.

“ಕತ್ತಿ ಇಡಿ, ಮಾರಾಯ್ರೆ. ಕಾವೇರಮ್ಮನೇ ನದಿ ಹತ್ತಿರ ಬಂದು ಕೂರಲಿ,” ಎಂದೆ.

ಬೆಳಗ್ಗೆ ಅತ್ತೆಯ ಕಣ್ಣು ಮುಚ್ಚಿಸಿ ಕರೆತಂದೆ. ಮಣ್ಣಿನ ಬೆಟ್ಟದ ಬುಡದಲ್ಲಿ, ಸೇತುವೆಯ ಪಕ್ಕ ಸೌತೆಕಾಯಿ ಕಾವೇರಮ್ಮ ನನ್ನ ಸರ ಹಾಕಿ ಕೂತಿದ್ದಳು. ಅತ್ತೆ ಕಣ್ಣು ಬಿಟ್ಟು ಕನ್ನಡಿಯ ಮೇಲೆ ಬಗ್ಗಿದರು.

“ಕನ್ನಡಿ ಯಾಕೆ ಮಲಗಿದೆ ಮಗಾ?”

“ನದಿ ಎದ್ದು ನಿಲ್ತದಾ ಅಮ್ಮ?” ಎಂದರು ಇವರು, ಕೀಲಿ ತಿರುಗಿಸುತ್ತಾ.

ರೈಲು ಸೇತುವೆ ಹತ್ತಿತು. ಬಿದಿರು ಕಿರ್ರೆಂದಿತು. ತಾಯಿಯನ್ನು ದಾಟುವಾಗ ನಿಂತು ಕೈಮುಗಿದು ಹೋಗಬೇಕೆಂದು ಅತ್ತೆ ಅಪ್ಪಣೆ ಮಾಡಿದರು. ಕೀಲಿಯ ರೈಲಿಗೆ ನಿಲ್ಲುವುದು ಗೊತ್ತಿಲ್ಲ. ಇವರು ಅದನ್ನು ಸೇತುವೆಯ ನಡುವೆ ಒಂದು ಬೆರಳಿಂದ ತಡೆದು ಹಿಡಿದರು. ಚಕ್ರ ಗರಗರ ತಿರುಗುತ್ತಲೇ ಇತ್ತು, ಅತ್ತೆಯ ಪ್ರಾರ್ಥನೆ ಮುಗಿಯುತ್ತಲೇ ಇರಲಿಲ್ಲ.

ಕಣಿಯ ಮುಂದೆ ಕೇಳಿದ್ದು ನಡೆಯುತ್ತದೆ ಎನ್ನುತ್ತಾರೆ. ನಾನು ಮನೆಗೆ ಅಕ್ಕಿ, ಇವರಿಗೆ ಆರೋಗ್ಯ ಎಂದು ಎಲ್ಲ ಕೇಳಲು ಸಿದ್ಧಳಾಗಿ ನಿಂತಿದ್ದೆ. ಆ ಕಿರ್ರೆನ್ನುವ ಸದ್ದಿಗೆ ಮನಸ್ಸಿನಲ್ಲಿ ಬಂದದ್ದು ಒಂದೇ: ತಾಯೀ, ಈ ಸೇತುವೆ ಬೀಳದಿರಲಿ.

ಬೀಳಲಿಲ್ಲ. ಇವತ್ತಿಗೂ ಬಿದ್ದಿಲ್ಲ. ಕಾವೇರಮ್ಮ ಕೇಳಿದ್ದನ್ನು ಪೂರ್ತಿಯಾಗಿಯೇ ಕೊಟ್ಟಳು. ಹಾಗಾಗಿ ದಿನಾ ಬೆಳಗ್ಗೆ ನಾನು ನೆಲಕ್ಕೆ ಬಗ್ಗಿ, ಸೇತುವೆಯ ಕಾಲುಗಳ ಸಂದಿಯಲ್ಲಿ ಮುಖ ಹುಡುಕಿ ಕುಂಕುಮ ಇಟ್ಟುಕೊಳ್ಳುತ್ತೇನೆ, ರೈಲು ಬರುವ ಸದ್ದಿದೆಯೇ ಎಂದು ಮೊದಲು ಕೇಳಿಕೊಂಡು.