ಅಡುಗೆಮನೆಯಲ್ಲಿ ಕರುಣರಸ

ನಾನು ಡಿಗ್ರಿ ಮುಗಿಸುವುದು ಈ ಜನ್ಮದಲ್ಲಿ ಆಗದು ಎಂದವರು ನಮ್ಮ ದೊಡ್ಡಪ್ಪ. "ಚಿತ್ರ ಬರೆಯಾಕೆ ಕಾಲೇಜು ಯಾಕವ್ವಾ? ಅದನ್ನೂ ನೀನು ಮುಗಿಸ್ತೀಯಾ?" ನಮ್ಮ ವಂಶದಲ್ಲಿ ಯಾರೂ ಪದವಿಯ ಹತ್ತಿರ ಸುಳಿದವರಲ್ಲ. ಆ ಕೀರ್ತಿ ನನಗೇ ಕಾದಿದೆ ಎಂದು ನಂಬಿದ್ದೆ!

ಚಿತ್ರ ಬರೆಯುವುದರಲ್ಲಿ ಪಾಸಾಗಿತ್ತು. ಉಳಿದದ್ದು ಕಲಾ ಇತಿಹಾಸ ಮತ್ತು ಸಿದ್ಧಾಂತದ ಪ್ರಬಂಧ, ಅದರ ಮೇಲೊಂದು ಮೌಖಿಕ ಪರೀಕ್ಷೆ. ಅದರಲ್ಲಿ ಬಿದ್ದರೆ ಪದವಿಯೇ ಇಲ್ಲ. ಪ್ರಬಂಧಕ್ಕೆಂದು ಕುಶಾಲನಗರದಲ್ಲಿ, ಹಿಮಾಲಯದ ಕಡೆಯ ಹಳೆಯ ಪಹಾಡಿ ಶೈಲಿಯ ಚಿತ್ರವೊಂದರ ಕಲರ್ ಪ್ರಿಂಟ್ ತೆಗೆಸಿ, ಲ್ಯಾಮಿನೇಷನ್ ಮಾಡಿಸಿ, ಅಡುಗೆಮನೆಯ ಸೌದೆ ಒಲೆಯ ಮೇಲೆ ತೂಗುಹಾಕಿದೆ. ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆ, ಒಣಮೀನು, ವಿದ್ಯಾರ್ಥಿನಿ ಎಲ್ಲರೂ ಒಲೆ ಮುಂದೆಯೇ ಒಣಗಬೇಕು.

ಮಳೆ ನಿಲ್ಲಲಿಲ್ಲ, ಒಲೆ ಆರಲಿಲ್ಲ. ದಿನೇ ದಿನೇ ಚಿತ್ರದ ನಾಯಕಿ ಕತ್ತಲಲ್ಲಿ ಮುಳುಗಿದಳು. ನನ್ನ ಕಣ್ಣು ಪಳಗುತ್ತಿದೆ ಎಂದುಕೊಂಡೆ! 'ಕಲಾವಿದನು ಇರುಳಿನ ಮೂಲಕ ಒಂಟಿ ಹೆಣ್ಣಿನ ವಿರಹವನ್ನು ಅಭಿವ್ಯಕ್ತಿಸಿದ್ದಾನೆ' ಎಂದು ಪುಟಗಟ್ಟಲೆ ಬರೆದು ಅವ್ವನಿಗೆ ಓದಿ ಹೇಳಿದೆ. ಅವ್ವನ ಕಣ್ಣಲ್ಲಿ ನೀರು.

"ನೋಡವ್ವಾ, ಇದೇ ಕರುಣರಸ!"

"ಹೊಗೆ ಕಣೇ! ಒಸಿ ಒಲೆ ಊದು."

ಮೌಖಿಕ ಪರೀಕ್ಷೆಯ ದಿನ ಕಾಲೇಜಿನ ಮೇಡಂ ಪರದೆಯ ಮೇಲೊಂದು ಚಿತ್ರ ಹಾಕಿದರು. ಕಣ್ಣು ಕುಕ್ಕುವ ಹಳದಿ ಬಿಸಿಲು. ನಗುವ ನಾಯಕಿ. ಪಕ್ಕದಲ್ಲೇ ನಾಯಕ!

"ಇದರ ಬಗ್ಗೆ ಹೇಳಮ್ಮಾ."

"ಯಾವುದೋ ಕ್ಯಾಲೆಂಡರ್ ಚಿತ್ರ ಮೇಡಂ."

"ನೀನು ಪ್ರಬಂಧ ಬರೆದಿರೋದು ಇದರ ಮೇಲೇ ಅಲ್ವಾ?"

"ಅಲ್ಲ ಮೇಡಂ, ಇದು ನಕಲಿ! ಅಸಲಿ ನನ್ನ ಹತ್ರ ಇದೆ." ಬ್ಯಾಗಿನಿಂದ ಸಾಕ್ಷಿ ತೆಗೆದೆ.

ಮೇಡಂ ಮೂಸಿ ನೋಡಿದರು. "ಒಣಮೀನಾ?" ಕರವಸ್ತ್ರ ಒದ್ದೆ ಮಾಡಿ ಒರೆಸಿದರು. ಮಸಿಯೊಳಗಿಂದ ಮೊದಲು ಸೂರ್ಯ ಹುಟ್ಟಿದ. ಹಿಂದೆಯೇ ನಾಯಕನೂ ಬಂದ. ವಿರಹ ಅಲ್ಲಿಗೆ ಮುಗಿಯಿತು!

"ಈಗೇನಂತೀಯಾ?"

"ಮಧ್ಯಾಹ್ನ, ಮೇಡಂ."

ನಕ್ಕು ನಕ್ಕು ಅವರ ಕಣ್ಣಲ್ಲೂ ನೀರು. ಅದು ಯಾವ ರಸವೆಂದು ಹೇಳುವ ಧೈರ್ಯ ನನಗಿರಲಿಲ್ಲ.

"ಪೂರ್ತಿ ಬೇರೆ ಬರ್ಕೊಂಡು ಬಾ. ಆಮೇಲೆ ನೋಡೋಣ."

ಒಲೆಯಿಂದ ದೂರ, ಜಗಲಿಯಲ್ಲಿ ಚಳಿಗೆ ನಡುಗುತ್ತ ಕೂತು ಬರೆದೆ. ಪಾಸಾದೆ. ಅಷ್ಟರಲ್ಲಿ ಕಥೆ ಊರಿಗೆಲ್ಲ ಗೊತ್ತಾಗಿತ್ತು. ಅವ್ವನ ಕೃಪೆ!

ಪದವಿ ಪತ್ರ ಬಂದ ದಿನ ನೇರ ದೊಡ್ಡಪ್ಪನ ಕೈಗಿಟ್ಟೆ. ಲುಂಗಿಗೆ ಕೈ ಒರೆಸಿಕೊಂಡು ಹಿಡಿದರು. ನನ್ನ ಹೆಸರಿನ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಕೊನೆಗೂ ಮೆಚ್ಚುಗೆಯ ಮಾತು ಬರಲಿದೆ ಎಂದು ಎದೆಯುಬ್ಬಿಸಿ ನಿಂತೆ.

"ಇದನ್ನ ಮಾತ್ರ ಒಲೆ ಮೇಲೆ ತೂಗಾಕ್ಬೇಡ ಕಣವ್ವಾ," ಎಂದರು. "ಆಮೇಲೆ ನೀನೇ ಇದು ನಂದಲ್ಲ ಅಂತೀಯ!"