ವಿಲ್ಫ್‌ಗೆ ದಕ್ಕಿದ ಸ್ಟಿದಿ

ಶನಿವಾರ ಬೆಳಗ್ಗೆ ವಿಲ್ಫ್ ಹಾಲಿನ ಗಾಡಿಯ ಕುದುರೆಗೆ ಲಾಳ ಕಟ್ಟಿಸಲು ಹೋದಾಗ ಮುದಿ ಕಮ್ಮಾರ ಜೋನಸ್ ಒಂದು ಮಾತು ಹೇಳಿದ. ಅಷ್ಟಕ್ಕೇ ಎಲ್ಲ ಶುರುವಾಯಿತು.

“ಎಲ್ರೂ ಟ್ರ್ಯಾಕ್ಟರ್ ತಗೊಂಡ್ರು. ನಾನು ವಿಟ್ಬಿ ಊರಲ್ಲಿರೋ ತಂಗಿ ಮನೆಗೆ ಹೋಗ್ತೀನಿ ಕಣಯ್ಯಾ. ಈ ಸ್ಟಿದಿ ನೀನೇ ಇಟ್ಕೊ.”

ವಿಲ್ಫ್ ಗುಡ್ಡದಾಚೆಯ ಕಣಿವೆಯವನು. ಅವನ ಕಡೆ ಸ್ಟಿದಿ ಎಂದರೆ ಕುಲುಮೆಮನೆ, ಗೋಡೆ ಚಾವಣಿ ಸಮೇತ. ಜೋನಸ್‌ನ ಕುಲುಮೆಯ ಮೇಲೊಂದು ಕೋಣೆಯಿತ್ತು. ಇಬ್ಬರು ಮಲಗಬಹುದು, ಮೂರನೆಯವರು ಬಂದರೆ ಒಬ್ಬರು ಕಿಟಕಿಯಿಂದ ಇಳಿಯಬೇಕು. ವಿಲ್ಫ್‌ಗೆ ಬೇಕಾಗಿದ್ದೂ ಅಂಥದೇ ಮನೆ. ಅವನು ಮದುವೆಯಾಗಲಿದ್ದ ಹ್ಯಾನಾ ಬಲು ಒಳ್ಳೆಯ ಹುಡುಗಿ. ಆದರೆ ಅವಳ ತಾಯಿ, ವಿಧವೆ ಮಿಸೆಸ್ ಮೆಟ್ಕಾಫ್, ನೀವೆಲ್ಲಿ ಮನೆ ಮಾಡಿದರೂ ನಾನೂ ಬರುವವಳೇ ಎಂದು ಮೊದಲೇ ಸಾರಿದ್ದಳು. ಆಕೆಗೆ ಜಾಗ ಸಾಲದ ಮನೆಗಾಗಿ ವಿಲ್ಫ್ ಹಗಲಿರುಳು ಹುಡುಕಿದ್ದ.

ಅವನು ನೇರವಾಗಿ ಹೋಗಿ ಭಾವೀ ಅತ್ತೆಗೆ ಸುದ್ದಿ ಮುಟ್ಟಿಸಿದ. ಕೋಣೆ ತೀರಾ ಚಿಕ್ಕದು, ತಾವು ಬಂದಿರಲು ಆಗುವುದಿಲ್ಲವಲ್ಲ ಎಂದು ಮುಖವನ್ನು ಆದಷ್ಟು ಬಾಡಿಸಿಕೊಂಡು ಹೇಳಿದ. ಆಕೆ ನಿಟ್ಟುಸಿರಿಟ್ಟು ಒಪ್ಪಿದಳು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಊರು ಸುತ್ತಿತು. ಬೇಕರಿಯವಳು ಹಾಸಿಗೆ ತಂದಳು, ಪಾದ್ರಿಯ ಹೆಂಡತಿ ಟೀ ಕಪ್ಪು ತಂದಳು, ಮಾಂಸದಂಗಡಿಯವನು ಮುಂದಾಲೋಚನೆಯಿಂದ ತೊಟ್ಟಿಲನ್ನೇ ಹೊತ್ತು ತಂದ. ಇವರ ನಡುವೆ ವಿಲ್ಫ್ ಏಣಿ ಹತ್ತಿ ಕಿಟಕಿಗೆ ದಾರ ಹಿಡಿದು ಅಳತೆ ತೆಗೆಯುತ್ತಿದ್ದ.

“ಏನಯ್ಯಾ ಅದು?” ಎಂದ ಜೋನಸ್.

“ಪರದೆಗೆ ಅಳತೆ.”

“ಅಡಿಗಲ್ಲಿಗೆ ಯಾಕಯ್ಯಾ ಪರದೆ?”

ಆಗ ತಿಳಿಯಿತು. ಈ ಊರಿನಲ್ಲಿ ಸ್ಟಿದಿ ಎಂದರೆ ಕಬ್ಬಿಣ ಕಾಯಿಸಿ ಮೇಲಿಟ್ಟು ಬಡಿಯುವ, ತಾನೂ ಕಬ್ಬಿಣದ್ದೇ ಆದ ಅಡಿಗಲ್ಲು ಮಾತ್ರ. ಮನೆಯನ್ನು ಮಾರಿ ತಂಗಿಯ ಊರಿಗೆ ಹೋಗುವುದು ಜೋನಸ್‌ನ ಯೋಚನೆ. ವಿಲ್ಫ್ ಏಣಿಯ ಮೇಲೇ ಬೆವತುಹೋದ. ಸಿಕ್ಕಿದ್ದನ್ನಾದರೂ ಸಾಗಿಸು ಎಂದು ಊರವರು ಸಲಹೆ ಕೊಟ್ಟರು. ನಾಲ್ಕಾರು ಜನ ತಬ್ಬಿಕೊಂಡು ಎತ್ತಿದರು. ಅಡಿಗಲ್ಲು ಮಿಸುಕಲಿಲ್ಲ. ಮಾಂಸದಂಗಡಿಯವನ ಸೊಂಟ ಉಳುಕಿತು, ಅವನು ಹಿಂದಕ್ಕೆ ಜೋಲಿ ಹೊಡೆದು ತೊಟ್ಟಿಲಲ್ಲಿ ಕೂತುಬಿಟ್ಟ.

ಅಷ್ಟರಲ್ಲಿ ಮಿಸೆಸ್ ಮೆಟ್ಕಾಫ್ ಛತ್ರಿ ಹಿಡಿದು, ಹ್ಯಾನಾಳನ್ನೂ ಕರೆದುಕೊಂಡು ಬಂದಳು. ಮಗಳಿಗೆ ಮನೆ ಸಿಕ್ಕಿತೆಂದು ಊರಿಗೆಲ್ಲ ಹೇಳಿಕೊಂಡು ಬಂದವಳಿಗೆ ಈಗ ಕಬ್ಬಿಣದ ಗಟ್ಟಿ ತೋರಿಸಿದರೆ ಸುಮ್ಮನಿರುತ್ತಾಳೆಯೇ? ಸ್ಟಿದಿ ಎಂದರೆ ಏನೆಂದು ತೀರ್ಮಾನ ಹೇಳಲು ಊರ ಶಾಲೆಯ ಪಿಕರ್ಸ್‌ಗಿಲ್ ಮೇಷ್ಟ್ರನ್ನು ಊಟದ ಮೇಜಿನಿಂದಲೇ ಎಬ್ಬಿಸಿ ಕರೆಸಿದಳು. ಅವರು ಮೀಸೆಯ ಸಾರು ಒರೆಸಿಕೊಂಡು ಪಾಠ ಶುರುಮಾಡಿದರು. ಸಾವಿರ ವರ್ಷದ ಹಿಂದೆ ಕೊಳ್ಳೆ ಹೊಡೆಯಲು ಹಡಗಿನಲ್ಲಿ ಬಂದ ನಾರ್ವೆ ಕಡೆಯವರು ಇಲ್ಲೇ ಝಂಡಾ ಊರಿದರು, ಅವರ ಮಾತೂ ಊರಿತು. ಅವರ ಮಾತಿನಲ್ಲಿ ಅಲುಗದೆ ನಿಲ್ಲುವಂಥದ್ದು ಸ್ಟಿದಿ. (ನಮ್ಮ ‘ಸ್ಥಿತಿ’ ಅದಕ್ಕೆ ದೂರದ ನೆಂಟನಂತೆ. ವಿಲ್ಫ್‌ನ ಸ್ಥಿತಿ ಮಾತ್ರ ಅಲುಗಾಡುತ್ತಿತ್ತು.) ಮೊದಲು ಅದು ಅಡಿಗಲ್ಲಿನ ಹೆಸರೇ ಆಗಿತ್ತು. ಬರುಬರುತ್ತ ಅಡಿಗಲ್ಲಿಗೆ ಆ್ಯನ್ವಿಲ್ ಎಂಬ ಮಾತೇ ರೂಢಿಯಾಯಿತು, ಸ್ಟಿದಿ ಎಂದರೆ ಅದನ್ನಿಟ್ಟ ಮನೆ ಎನ್ನುವವರು ಹೆಚ್ಚಿದರು.

“ಹಾಗಾಗಿ ಎರಡೂ ಸರಿ,” ಎಂದರು ಮೇಷ್ಟ್ರು.

ಮಿಸೆಸ್ ಮೆಟ್ಕಾಫ್ ಛತ್ರಿಯಿಂದ ಅಡಿಗಲ್ಲಿಗೆ ಬಾರಿಸಿದಳು. ಅದು ಗಂಟೆಯಂತೆ ಮೊಳಗಿತು. “ಎರಡೂ ಬೇಡ, ಒಂದು ಹೇಳಿ. ಓದಿದೋರು ಈಗ ಏನಂತಾರೆ?”

“ಓದಿದವರು... ಕುಲುಮೆಮನೆ ಅಂತಾರಮ್ಮ.”

“ಮುಗೀತಲ್ಲ.”

ಜೋನಸ್ ಮೇಷ್ಟ್ರ ಕಡೆ ನೋಡಲೇ ಇಲ್ಲ. ಅವನ ಕಣ್ಣು ಛತ್ರಿ ಹಿಡಿದ ಕೈಯ ಮೇಲೇ ಇತ್ತು. ಬ್ರಹ್ಮಚಾರಿಯಾಗಿಯೇ ಮುಪ್ಪಾದ ಆ ಕಮ್ಮಾರ ಅಂಥ ಪೆಟ್ಟನ್ನು ಬೇರೆ ಯಾರ ಕೈಯಲ್ಲೂ ಕಂಡಿರಲಿಲ್ಲ.

“ಆಗ್ಲಿ. ಕೊಟ್ಟ ಮಾತು ಕೊಟ್ಟಿದ್ದೇ, ಮನೆ ವಿಲ್ಫ್‌ದು,” ಎಂದ. ವಿಲ್ಫ್ ಹ್ಯಾನಾಳ ಕೈ ಹಿಡಿದುಕೊಂಡ. ಅವನ ಜನ್ಮದಲ್ಲೇ ಅಷ್ಟು ಸಂತೋಷ ಆಗಿರಲಿಲ್ಲ.

“ಆದ್ರೆ ಸ್ಟಿದಿ ಅಂದ್ರೆ ಮನೆ ಅಂತಾದ್ರೆ, ಅಡಿಗಲ್ಲು ನಾನು ಯಾರಿಗೂ ಕೊಟ್ಟೇ ಇಲ್ಲ. ಅದು ನಂದೇ. ಅಲುಗಲ್ಲ ಅಂತ ನೀವೇ ಕಂಡ್ರಲ್ಲ. ಅದಿರೋ ಕಡೆ ನಾನು. ವಿಟ್ಬಿಗೆ ಹೋಗಲ್ಲ.” ಜೋನಸ್ ಟೊಪ್ಪಿ ತೆಗೆದು ಮಿಸೆಸ್ ಮೆಟ್ಕಾಫ್‌ಳತ್ತ ತಿರುಗಿದ. ಬೆಳಗಿನ ಜಾವಕ್ಕೇ ಕಬ್ಬಿಣ ಬಡಿಯಲು ಶುರುಮಾಡುವ ಗಂಡಸಿನ ಜೊತೆ ಬಾಳುವೆ ಮಾಡಲು ಆದೀತೇ ಎಂದು ಎಲ್ಲರೆದುರೇ ಕೇಳಿದ.

ಆಕೆ ಕೆಂಪಾದಳು. ಸದ್ದು ತನಗೆ ಅಭ್ಯಾಸವಿದೆ ಎಂದಳು. ಮೇಷ್ಟ್ರು ಚಪ್ಪಾಳೆ ತಟ್ಟಿದರು, ಊರೂ ತಟ್ಟಿತು. ವಿಲ್ಫ್ ಏನೋ ಹೇಳಲು ಬಾಯಿ ತೆರೆದ. ಅತ್ತೆ ಆಗಲೇ ಏಣಿಗೆ ಕಾಲಿಟ್ಟಾಗಿತ್ತು.

“ಮೇಲಿನ ಕೋಣೆ ಇಬ್ಬರಿಗೇ ಅಂತ ನೀನೇ ಹೇಳಿದ್ಯಲ್ಲಪ್ಪ. ನಾವಿಬ್ರು ಅಲ್ಲಿರ್ತೀವಿ. ನೀವು ಚಿಕ್ಕೋರು, ಕೆಳಗೆ ಅಡಿಗಲ್ಲಿನ ಪಕ್ಕ ಹಾಸ್ಕೊಳ್ಳಿ. ಬೆಚ್ಚಗಿರುತ್ತೆ.”