ನಲವತ್ತೊಂದನೆಯ ತೇಪೆ

ಹೆಬ್ಬೆರಳಿನಿಂದ ಒತ್ತಿ ನೋಡದೆ ಇದ್ದಿದ್ದರೆ ಟೈಲರಿಗೆ ಆ ದಿನ ಸುಖವಾಗಿಯೇ ಕಳೆಯುತ್ತಿತ್ತು. ಬೆಳಿಗ್ಗೆ ಮಗಳ ಫೋನು ಬಂದಿತ್ತು. "ಸಾಯಂಕಾಲ ಬರ್ತಿದೀವಿ ಅಪ್ಪಾ. ನನ್ನ ಕೊಳ ಹಾಗೇ ಇದೆ ತಾನೇ? ನಿಮ್ಮ ಮೊಮ್ಮಗಳು ಮೂರು ದಿನದಿಂದ ಅದರದ್ದೇ ಜಪ ಮಾಡ್ತಿದಾಳೆ."

"ಇರದೆ ಎಲ್ಲಿಗೆ ಹೋಗುತ್ತಮ್ಮಾ" ಎಂದು ಟೈಲರು ಹಿತ್ತಲಿಗೆ ಬಂದರು. ಕೊಳದ ಪಕ್ಕೆಯಲ್ಲಿದ್ದ ಹಳೆಯ ತೇಪೆಯೊಂದು ಗಟ್ಟಿಯಾಗಿದೆಯೇ ಎಂದು ಒತ್ತಿದರು. ಬೆರಳು ಸೀದಾ ಒಳಗೆ ಹೋಯಿತು. ನೀರು ಸೀದಾ ಹೊರಗೆ ಬಂದು ಅಡುಗೆಮನೆಯ ಹೊಸ್ತಿಲು ದಾಟಿತು.

ಅದು ನೆಲದಲ್ಲಿ ತೋಡಿದ ಕೊಳವಲ್ಲ. ಕಬ್ಬಿಣದ ಕಾಲುಗಳಿಗೆ ನೀಲಿ ಪ್ಲಾಸ್ಟಿಕ್ ಹಾಳೆ ಬಿಗಿದು ನೆಲದ ಮೇಲೆಯೇ ನಿಲ್ಲಿಸಿದ, ಸೊಂಟದೆತ್ತರದ ದುಂಡನೆಯ ಈಜುಕೊಳ. ಮಗಳಿಗೆ ಆರು ವರ್ಷವಾದಾಗ ತಂದದ್ದು. ಈಗ ಅವಳ ಮಗಳಿಗೆ ಆರು. ಅದರ ಮೈಮೇಲೆ ನಲವತ್ತು ತೇಪೆಗಳಿದ್ದವು, ನಲವತ್ತೂ ಟೈಲರ ಕೈಯವೇ. ಅವಳು ಶಾಲೆಯ ಬೂಟು ಹಾಕಿಕೊಂಡೇ ಧುಮುಕಿದ ದಿನದ್ದೊಂದು, ಸೈಕಲ್ಲಿಗೆ ಸ್ನಾನ ಮಾಡಿಸಲು ಹೋದ ದಿನದ್ದೊಂದು. ತೇಪೆ ಚೌಕವಾಗಿದ್ದರೆ ಅವಳು ಅಳುತ್ತಿದ್ದಳು. ಹಾಗಾಗಿ ಟೈಲರು ಹಳೆಯ ರೇನ್‌ಕೋಟುಗಳನ್ನು ಮೀನಿನ ಆಕಾರಕ್ಕೆ ಕತ್ತರಿಸಿ ಅಂಟಿಸುತ್ತಿದ್ದರು. ಕೆಂಪು ಮೀನು, ಹಳದಿ ಮೀನು, ಒಂದಕ್ಕಂತೂ ಗುಂಡಿಯ ಕಣ್ಣು. ಪಕ್ಕದಲ್ಲಿ, ನೀರನ್ನು ಫಿಲ್ಟರಿನಲ್ಲಿ ಸೋಸಿ ಮತ್ತೆ ಕೊಳಕ್ಕೆ ಬಿಡುವ ಪುಟ್ಟ ಪಂಪು ಗೊರ್ ಗೊರ್ ಎಂದು ನಿದ್ದೆ ಹೋದ ಅಜ್ಜನಂತೆ ಗೊರಕೆ ಹೊಡೆಯುತ್ತಿತ್ತು. ರಜೆಯ ಮಧ್ಯಾಹ್ನಗಳಲ್ಲಿ ಆ ಗೊರಕೆಯನ್ನೂ ಮಗಳ ಕೇಕೆಯನ್ನೂ ಕೇಳುತ್ತಾ ಹೊಲಿಗೆ ಯಂತ್ರ ತುಳಿಯುವಾಗ ತಮ್ಮಷ್ಟು ಸುಖಿ ಇನ್ನೊಬ್ಬನಿಲ್ಲ ಎಂದು ಅವರಿಗೆ ಅನ್ನಿಸುತ್ತಿತ್ತು. ಅದನ್ನು ಇನ್ನೊಮ್ಮೆ, ಒಂದೇ ಒಂದು ಸಾಯಂಕಾಲ ಕೇಳಬೇಕೆಂಬುದು ಅವರ ಆಸೆ.

"ಇನ್ನೂ ಎಷ್ಟು ಅಂತ ತೇಪೆ ಹಾಕ್ತೀರಿ?" ಹೆಂಡತಿ ಅಡುಗೆಮನೆ ಒರೆಸುತ್ತಾ ಕೂಗಿದರು. "ಮಗು ಬರ್ತಿದೆ ಕಣ್ರೀ, ಹೊಸದು ತನ್ನಿ."

ಕಾಂಪೌಂಡಿನಾಚೆಯಿಂದ ತಲೆಯೊಂದು ಮೇಲೆದ್ದಿತು. ನೀರು ಸರಬರಾಜು ಕಚೇರಿಯಿಂದ ನಿವೃತ್ತರಾದ ಪಕ್ಕದ ಮನೆಯವರು. ಬೀದಿಯವರಿಗೆಲ್ಲ 'ನೀರು ಸಾಹೇಬರು'. ಅವರ ಅಭಿಪ್ರಾಯ ಕೇಳದೆ ಆ ಬೀದಿಯಲ್ಲಿ ಯಾರೂ ನಲ್ಲಿ ಕೂಡ ಬದಲಾಯಿಸುವಂತಿರಲಿಲ್ಲ.

"ಅಮ್ಮಾವ್ರು ಹೇಳಿದ್ದೇ ಸರಿ. ಇದನ್ನ ಗುಜರಿಯವನೂ ಮುಟ್ಟಲ್ಲ. ನಂಗೆ ಕೊಟ್ಬಿಡಿ, ಸೌದೆ ಮೇಲೆ ಹೊದಿಸ್ತೀನಿ. ಪಂಪೂ ಇರ್ಲಿ."

"ಸೌದೆಗೆ ಪಂಪು ಯಾಕೆ ಸಾಹೇಬ್ರೇ?"

"ಇಷ್ಟು ವರ್ಷ ಜೊತೇಲಿದ್ದಾವೆ, ಪಾಪ, ಯಾಕೆ ಅಗಲಿಸೋದು? ನಡೀರಿ, ಅಂಗಡಿಗೆ ನಾನೇ ಬರ್ತೀನಿ."

ಹೊಸ ಕೊಳ ಕೊಂಡು ಇಬ್ಬರೂ ಪಂಪಿನಂಗಡಿಗೆ ಹೋದರು. ಅಂಗಡಿಯವನು ಅದರ ಡಬ್ಬದ ಮೇಲಿದ್ದ ಅಗಲ, ಆಳ ನೋಡಿ "ಇಷ್ಟು ನೀರಿಗೆ ಕಾಲು ಎಚ್‌ಪಿ ಧಾರಾಳ" ಎಂದ.

ಇಲ್ಲಿ ಟೈಲರ ಕಸುಬು ಅಡ್ಡ ಬಂತು. ಮೂವತ್ತು ವರ್ಷ ಶಾಲೆಯ ಯೂನಿಫಾರಂ ಹೊಲಿದ ಕೈ. ಮಕ್ಕಳದ್ದು ಎಂದರೆ ಒಂದು ಅಳತೆ ದೊಡ್ಡದೇ ಇರಬೇಕು ಎಂಬುದು ಅವರಿಗೆ ರಕ್ತಗತವಾಗಿತ್ತು. "ಒಂದು ಸೈಜು ದೊಡ್ಡದೇ ಕೊಡಪ್ಪಾ. ಬೆಳೆಯೋ ಮಗು."

"ಮಗು ಬೆಳೆದ್ರೆ ನೀರೂ ಬೆಳೆಯುತ್ತಾ ಸಾರ್?"

"ನೀನು ಸುಮ್ನಿರಯ್ಯಾ," ನೀರು ಸಾಹೇಬರು ಗದರಿದರು. "ಇಡೀ ಊರಿಗೆ ನೀರು ಹತ್ತಿಸಿದವನು ನಾನು. ಒಂದೂವರೆ ಎಚ್‌ಪಿ ಕಟ್ಟು."

ಮಧ್ಯಾಹ್ನದ ಹೊತ್ತಿಗೆ ಹಳೆಯ ಕೊಳ ಸುರುಳಿಯಾಗಿ ಕಾಂಪೌಂಡು ದಾಟಿತು. ಅದರ ಜಾಗದಲ್ಲಿ ಹೊಸದು ನಿಂತಿತು. ಟೈಲರು ಟೇಪು ಹಿಡಿದು ಅದರ ಸುತ್ತಳತೆಯನ್ನು ಮೂರು ಸಲ ತೆಗೆದರು. ಒಂದು ಸುಕ್ಕಿಲ್ಲ, ಒಂದು ಕಲೆಯಿಲ್ಲ. ಆದರೂ ಮನೆಗೆ ಯಾರೋ ಗುರುತಿಲ್ಲದವರು ಬಂದು ಕೂತ ಹಾಗೆ ಅವರಿಗೆ ಕಸಿವಿಸಿಯಾಯಿತು.

ಐದು ಗಂಟೆಗೆ ಕೊಳ ತುಂಬಿತು. ಅದೇ ಹೊತ್ತಿಗೆ ಗೇಟಿನ ಸದ್ದಾಯಿತು. ಟೈಲರು ಸಂಭ್ರಮದಿಂದ ಸ್ವಿಚ್ಚು ಒತ್ತಿದರು.

ಪಂಪು ಗೊರಕೆ ಹೊಡೆಯಲಿಲ್ಲ, ಅರಚಿತು. ಟೀ ಲೋಟದಲ್ಲಿ ಚಮಚ ತಿರುಗಿಸಿದಂತೆ ನೀರು ಗಿರಗಿರನೆ ಸುತ್ತತೊಡಗಿತು. ಕಬ್ಬಿಣದ ಕಾಲುಗಳು ಗಡಗಡ ನಡುಗಿದವು. ಫಿಲ್ಟರಿಗೆ ಸಿಕ್ಕಿಸಿದ್ದ ಪೈಪು ಫಟ್ಟನೆ ಕಿತ್ತುಕೊಂಡು ಎದ್ದು, ಹಿತ್ತಲ ಜಗಲಿಯಲ್ಲಿ ಇಸ್ತ್ರಿ ಮಾಡಿ ತೂಗುಹಾಕಿದ್ದ ಬ್ಯಾಂಕ್ ಮ್ಯಾನೇಜರರ ಹೊಸ ಕೋಟಿಗೆ ಅಭಿಷೇಕ ಮಾಡಿತು. ನಂತರ ಟೈಲರ ಕಡೆ ತಿರುಗಿತು.

ಹೆಂಡತಿ ಓಡಿಬಂದು ಸ್ವಿಚ್ಚು ಆರಿಸುವಷ್ಟರಲ್ಲಿ ಬಾಗಿಲಲ್ಲಿ ಮಗಳೂ ಮೊಮ್ಮಗಳೂ ಬಾಯಿ ತೆರೆದುಕೊಂಡು ನಿಂತಿದ್ದರು.

"ತಾತಾ, ನಿನ್ನ ನೀರಿಗೆ ಯಾಕೆ ಇಷ್ಟೊಂದು ಸಿಟ್ಟು?" ಎಂದು ಮಗು ಅಮ್ಮನ ಹಿಂದೆ ಅಡಗಿತು. ಆಮೇಲೆ ಮೆಲ್ಲಗೆ ಇಣುಕಿ ಕೊಳವನ್ನು ನೋಡಿತು. "ಮೀನೆಲ್ಲಿ? ಗುಂಡಿ ಕಣ್ಣಿನ ಮೀನು?"

"ಅಪ್ಪಾ, ಮೀನುಗಳನ್ನ ಎಸೆದುಬಿಟ್ರಾ?" ಎಂದು ಮಗಳು ಕೇಳಿದಳು. ಒದ್ದೆಯಾಗಿ ತೊಟ್ಟಿಕ್ಕುತ್ತಿದ್ದ ಟೈಲರು ಕಾಂಪೌಂಡಿನ ಕಡೆ ತಿರುಗಿದರು. ತಾನೇನು ಕೊಟ್ಟುಬಿಟ್ಟೆ ಎಂಬುದು ಅವರಿಗೆ ಆಗ ತಿಳಿಯಿತು.

ಅಷ್ಟರಲ್ಲಿ ಕಾಂಪೌಂಡಿನಾಚೆ ಕೇಳಿಸಿತು. ಗೊರ್, ಗೊರ್, ಗೊರ್.

ಎಲ್ಲರೂ ಓಡಿ ಇಣುಕಿದರು. ನೀರು ಸಾಹೇಬರು ತಲೆಗೆ ಟೋಪಿ ಹಾಕಿಕೊಂಡು, ಹಳೆಯ ಕೊಳದ ಎದೆಮಟ್ಟದ ನೀರಿನಲ್ಲಿ ಕೂತು ಕಣ್ಣು ಮುಚ್ಚಿದ್ದರು. ಸುತ್ತಲೂ ನಲವತ್ತು ಮೀನುಗಳು.

"ಮೀನು!" ಎಂದು ಕಿರುಚಿ ಮಗು ಗೇಟು ಸುತ್ತಿ ಓಡಿತು. ಅದರ ಹಿಂದೆ ಓಡಿದ ಮಗಳು, ಆರರವಳಂತೆ, ಚಪ್ಪಲಿ ಹಾಕಿಕೊಂಡೇ ಮಗುವಿನೊಂದಿಗೆ ಕೊಳಕ್ಕೆ ಧುಮುಕಿದಳು.

"ಸಾಹೇಬ್ರೇ, ಸೌದೆ ಎಲ್ಲಿ?" ಟೈಲರು ಕಾಂಪೌಂಡಿನ ಮೇಲಿಂದ ಕೇಳಿದರು.

"ಮಂಡಿ ನೋವಿಗೆ ನೀರು ಒಳ್ಳೇದಂತೆ ಕಣ್ರೀ. ನೋಡಿ, ಇಷ್ಟು ನೀರಿಗೆ ಈ ಪುಟ್ಟ ಪಂಪೇ ಸರಿ."

"ಅದನ್ನ ಬೆಳಿಗ್ಗೆ ಹೇಳಬಾರದಿತ್ತಾ?"

"ಹೇಳಿದ್ರೆ ಇದನ್ನ ನೀವು ಕೊಡ್ತಿದ್ರಾ?"

"ವಾಪಸ್ ಕೊಡಿ ಸಾಹೇಬ್ರೇ. ಹೊಸದನ್ನೇ ತಗೊಳ್ಳಿ, ಪಂಪಿನ ಸಮೇತ."

"ಅಯ್ಯೋ, ಆ ರಾಕ್ಷಸನ್ನ ಇಟ್ಕೊಂಡು ನಾನೇನು ಮಾಡ್ಲಿ? ಮಕ್ಕಳು ದಿನಾ ಬರ್ಲಿ ಬಿಡಿ. ಅಂದಹಾಗೆ ಟೈಲರೇ, ನಿಮ್ಮ ಹೆಬ್ಬೆರಳು ಮಾಡಿದ ತೂತಿಗೆ ಟೇಪು ಅಂಟಿಸಿದ್ದೆ, ನಿಲ್ತಾ ಇಲ್ಲ. ಕತ್ತರಿ ತಗೊಂಡು ಸ್ವಲ್ಪ ಬರ್ತೀರಾ?"

ಹೊಸ ಕೊಳದ ಡಬ್ಬದಲ್ಲಿ ಉಚಿತವಾಗಿ ಬಂದಿದ್ದ ತೇಪೆಯ ತುಂಡೊಂದನ್ನು ಹುಡುಕಿಕೊಂಡು ಟೈಲರು ಹೆಂಡತಿಯೊಂದಿಗೆ ಪಕ್ಕದ ಹಿತ್ತಲಿಗೆ ಹೋದರು. ಇಡೀ ದಿನದ ಖರೀದಿಯಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು ಅವರು ಮೀನು ಕತ್ತರಿಸುತ್ತಿದ್ದರೆ ಹೆಗಲ ಮೇಲೆ ಕೇಕೆಯೂ ನೀರೂ ಒಟ್ಟೊಟ್ಟಿಗೆ ಸುರಿಯುತ್ತಿದ್ದವು. ಅವರ ಕಣ್ಣು ತುಂಬಿತು. ಮುಖವೆಲ್ಲ ಒದ್ದೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

"ದೊಡ್ಡದು ಮಾಡು ತಾತಾ," ಎಂದಿತು ಮಗು.

ಟೈಲರು ಒಂದು ಅಳತೆ ದೊಡ್ಡದೇ ಕತ್ತರಿಸಿದರು. ಅಂಟಿಸಿ, ಗಟ್ಟಿಯಾಯಿತೇ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಲು ಹೋದಾಗ ಮಗಳು, ಹೆಂಡತಿ, ನೀರು ಸಾಹೇಬರು ಮೂವರೂ ಒಟ್ಟಿಗೆ ಅವರ ಕೈ ಹಿಡಿದುಕೊಂಡರು.